ಕಂಡಕ್ಟರ್ ಕೊಟ್ಟ ನೂರರ ನೋಟು: ಮೊದಲ ಸಣ್ಣಕತೆ ಬರೆಯುವವರಿಗೊಂದು ಪೂರ್ತಿ ಮಾರ್ಗದರ್ಶಿ

ಕತೆ ಬರೆಯಬೇಕು ಎಂದುಕೊಂಡವರಲ್ಲಿ ಬಹಳ ಜನ ಕಾದಂಬರಿಯಿಂದ ಶುರು ಮಾಡುತ್ತಾರೆ. ಮೂರನೇ ಅಧ್ಯಾಯದ ಹೊತ್ತಿಗೆ ಅದು ನಿಂತುಹೋಗುತ್ತದೆ. ಆಮೇಲೆ "ನನಗೆ ಬರೆಯೋಕೆ ಬರಲ್ಲ" ಎಂಬ ತೀರ್ಮಾನ. ಬರೆಯಲು ಬರುವುದಿಲ್ಲ ಎಂದಲ್ಲ, ಮುಗಿಸಿ ಅಭ್ಯಾಸವಿಲ್ಲ ಅಷ್ಟೆ. ಆದ್ದರಿಂದ ಈ ಮಾರ್ಗದರ್ಶಿ ಕಾದಂಬರಿಯ ಗೊಡವೆಗೆ ಹೋಗುವುದಿಲ್ಲ. ಒಂದೇ ಒಂದು ಸಣ್ಣಕತೆಯನ್ನು ಹಿಡಿದು, ಅದು ಹುಟ್ಟುವಲ್ಲಿಂದ ಅಚ್ಚಾಗುವವರೆಗೆ ಹೇಗೆ ನಡೆಸಿಕೊಂಡು ಹೋಗುವುದು ಎಂದಷ್ಟೇ ಹೇಳುತ್ತದೆ. ಕನ್ನಡದಲ್ಲಿ ಹೊಸಬರಿಗೆ ಬಾಗಿಲು ತೆರೆಯುವುದೂ ಸಣ್ಣಕತೆಯೇ. ವಾರಪತ್ರಿಕೆಗಳು, ಭಾನುವಾರದ ಪುರವಣಿಗಳು, ಯುಗಾದಿ ಮತ್ತು ದೀಪಾವಳಿಯ ವಿಶೇಷಾಂಕಗಳು ಎಲ್ಲವೂ ಕತೆ ಕೇಳುತ್ತವೆ. ಯಾವ ಸಂಪಾದಕರೂ ಅಪರಿಚಿತರ ಕಾದಂಬರಿಯನ್ನು ಅಷ್ಟು ಸುಲಭಕ್ಕೆ ಕೈಗೆತ್ತಿಕೊಳ್ಳುವುದಿಲ್ಲ.

ಸಣ್ಣಕತೆ ಕಾದಂಬರಿಯ ತಮ್ಮನೂ ಅಲ್ಲ. 1920ರಲ್ಲಿ ಮಾಸ್ತಿಯವರ 'ಕೆಲವು ಸಣ್ಣ ಕತೆಗಳು' ಬಂದಾಗಿನಿಂದ ನಮ್ಮಲ್ಲಿ ಈ ಪ್ರಕಾರಕ್ಕೆ ನೂರು ವರ್ಷ ದಾಟಿದ ಪರಂಪರೆಯಿದೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಬಂದಿತಲ್ಲ, ಅದು ಹನ್ನೆರಡು ಕನ್ನಡ ಕತೆಗಳ ಪುಸ್ತಕಕ್ಕೆ. ಆ ಪ್ರಶಸ್ತಿ ಒಂದು ಕಥಾಸಂಕಲನಕ್ಕೆ ಸಿಕ್ಕಿದ್ದು ಅದೇ ಮೊದಲು. ಆ ಹನ್ನೆರಡು ಕತೆಗಳು ಮೂವತ್ತಕ್ಕೂ ಹೆಚ್ಚು ವರ್ಷಗಳ ಅವಧಿಯಲ್ಲಿ ಬರೆದಂಥವು. ಅವಸರವಿರುವವರು ಈ ಲೆಕ್ಕವನ್ನೊಮ್ಮೆ ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು.

ಮೊದಲು ಓದು, ಆದರೆ ಬೇರೆ ಥರ

"ತುಂಬಾ ಓದಿ" ಎಂದು ಎಲ್ಲರೂ ಹೇಳುತ್ತಾರೆ. ತುಂಬಾ ಓದುವುದಕ್ಕಿಂತ ಒಂದನ್ನೇ ಐದು ಸಲ ಓದುವುದು ಬರೆಯುವವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಿಮಗೆ ತುಂಬಾ ಇಷ್ಟವಾದ ಒಂದು ಸಣ್ಣಕತೆ ತೆಗೆದುಕೊಳ್ಳಿ. ಪೆನ್ಸಿಲ್ ಹಿಡಿದು ಕೂತು ಇಷ್ಟು ಗುರುತು ಮಾಡಿ: ಕತೆಯೊಳಗೆ ಎಷ್ಟು ಹೊತ್ತು ಕಳೆಯುತ್ತದೆ, ಒಂದು ಮಧ್ಯಾಹ್ನವೋ ಹತ್ತು ವರ್ಷವೋ? ಮೊದಲ ಮಾತು ಯಾವ ಸಾಲಿನಲ್ಲಿ ಬರುತ್ತದೆ? ಹಿಂದಿನ ಕತೆ, ಅಂದರೆ ಪಾತ್ರದ ಹಳೆಯ ಸಂಗತಿ, ಎಲ್ಲಿ ನುಸುಳುತ್ತದೆ, ಎಷ್ಟು ಸಾಲು? ಕೊನೆಯ ಘಟನೆ ನಡೆದ ಮೇಲೆ ಲೇಖಕರು ಎಷ್ಟು ಸಾಲು ಮುಂದುವರಿಸಿದ್ದಾರೆ?

ಹೀಗೆ ಒಂದು ಕತೆಯನ್ನು ಬಿಚ್ಚಿ ನೋಡಿದರೆ ಎರಡು ವಿಷಯ ಕಣ್ಣಿಗೆ ಬೀಳುತ್ತವೆ. ಒಳ್ಳೆಯ ಕತೆ ನೀವು ನೆನಪಿಟ್ಟುಕೊಂಡಿದ್ದಕ್ಕಿಂತ ತಡವಾಗಿ ಶುರುವಾಗುತ್ತದೆ, ನೆನಪಿಟ್ಟುಕೊಂಡಿದ್ದಕ್ಕಿಂತ ಬೇಗ ನಿಲ್ಲುತ್ತದೆ. ಓದಲು ಯಾರನ್ನು ಆರಿಸಿಕೊಳ್ಳಬೇಕೆಂಬುದು ನಿಮ್ಮ ರುಚಿಗೆ ಬಿಟ್ಟದ್ದು. ಆದರೆ ನಿಮ್ಮ ಊರಿನ ಕಡೆಯ ಕನ್ನಡದಲ್ಲಿ ಬರೆದ ಒಬ್ಬರಾದರೂ ಆ ಪಟ್ಟಿಯಲ್ಲಿರಲಿ. ಕುಂದಾಪುರದವರಿಗೆ ವೈದೇಹಿ, ಹಳೇ ಮೈಸೂರಿನ ಹಳ್ಳಿಗಳವರಿಗೆ ದೇವನೂರ ಮಹಾದೇವ, ಹೀಗೆ. ಮನೆಯಲ್ಲಾಡುವ ಮಾತನ್ನು ಪುಟದ ಮೇಲೆ ಕಂಡಾಗ ಸಿಗುವ ಧೈರ್ಯ ಬೇರೆಯೇ.

ಬೀಜ: ವಿಷಯವಲ್ಲ, ಒಂದು ಇಕ್ಕಟ್ಟು

ಹೊಸಬರ ಕತೆಗಳು ಹೆಚ್ಚಾಗಿ 'ವಿಷಯ'ದಿಂದ ಹುಟ್ಟುತ್ತವೆ: ರೈತರ ಸಂಕಷ್ಟ, ವೃದ್ಧಾಶ್ರಮ, ವರದಕ್ಷಿಣೆ. ವಿಷಯದಿಂದ ಹೊರಟರೆ ಪಾತ್ರಗಳು ಭಾಷಣಕ್ಕೆ ನಿಲ್ಲುತ್ತವೆ. ವಿಷಯ ಬಿಟ್ಟು ಒಂದು ಇಕ್ಕಟ್ಟನ್ನು ಹುಡುಕಿ. ಇಬ್ಬರು ಸಿಕ್ಕಿಬಿದ್ದಿರುವ, ಇಬ್ಬರಲ್ಲಿ ಯಾರೂ ಸುಮ್ಮನೆ ಎದ್ದುಹೋಗಲಾಗದ ಒಂದು ಸನ್ನಿವೇಶ.

ಅಂಥದೊಂದು ನಮ್ಮೆಲ್ಲರಿಗೂ ಗೊತ್ತಿರುವ ಜಾಗದಲ್ಲಿದೆ. ಕೆಎಸ್ಸಾರ್ಟಿಸಿ ಬಸ್ಸಿನಲ್ಲಿ ಚಿಲ್ಲರೆ ಇಲ್ಲದಾಗ ಕಂಡಕ್ಟರ್ ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಾರೆ. ಇಳಿಯುವ ಹೊತ್ತಿಗೂ ಚಿಲ್ಲರೆ ಆಗದಿದ್ದರೆ, ಒಬ್ಬರಿಗೊಬ್ಬರು ಗುರುತಿಲ್ಲದ ಇಬ್ಬರು ಪ್ರಯಾಣಿಕರಿಗೆ ಒಂದೇ ನೋಟು ಕೊಟ್ಟು "ಇಬ್ರೂ ಚಿಲ್ರೆ ಮಾಡ್ಕೊಳ್ಳಿ" ಎಂದು ರೈಟ್ ಹೇಳಿಬಿಡುತ್ತಾರೆ. ಈಗ ಇಬ್ಬರು ಅಪರಿಚಿತರ ನಡುವೆ ಒಂದು ನೂರರ ನೋಟಿದೆ. ನೋಟು ಒಬ್ಬರ ಕೈಯಲ್ಲಿದೆ, ಅರ್ಧ ಇನ್ನೊಬ್ಬರದ್ದು.

ಇದನ್ನೇ ನಮ್ಮ ಮಾದರಿ ಕತೆಯಾಗಿ ಇಟ್ಟುಕೊಳ್ಳೋಣ. ನೀವು ನಿಮ್ಮದನ್ನು ಹುಡುಕಿಕೊಳ್ಳಿ. ಮನೆ ಪಾಲಾಗುವಾಗ ಬಾವಿ ಗಡಿಯ ಮೇಲೇ ಬಂದರೆ? ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳಲು ಕೂತವನಿಗೆ ಖಾಲಿ ಕವರೊಂದು ಸಿಕ್ಕರೆ? ಇಂಥವನ್ನು ಬರೆದಿಡಲು ಫೋನಿನಲ್ಲೊಂದು ಟಿಪ್ಪಣಿ ಇರಲಿ. ಬರೆಯುವಾಗ "ಮನುಷ್ಯ ಸಂಬಂಧಗಳ ಟೊಳ್ಳುತನ" ಎಂದು ಬರೆದಿಡಬೇಡಿ, ಆರು ತಿಂಗಳ ನಂತರ ಅದರಿಂದ ನಿಮಗೆ ಏನೂ ನೆನಪಾಗದು. "ಖಾಲಿ ಕವರ್, ಹೆಸರು ಮಾತ್ರ ದಪ್ಪಕ್ಷರದಲ್ಲಿ" ಎಂದು ಬರೆದಿಡಿ.

ಯಾರಿಗೆ ಏನು ಬೇಕು

ನೋಟಿನ ಇಕ್ಕಟ್ಟು ಒಂದು ಸನ್ನಿವೇಶ ಮಾತ್ರ, ಇನ್ನೂ ಕತೆಯಲ್ಲ. ಅದು ಕತೆಯಾಗಬೇಕಾದರೆ ಇಬ್ಬರಿಗೂ ಏನೋ ಬೇಕಾಗಿರಬೇಕು, ಮತ್ತು ಆ ಎರಡೂ ಒಟ್ಟಿಗೆ ಆಗದಂಥವಾಗಿರಬೇಕು.

ಬಸ್ಸು ಅರಸೀಕೆರೆಗೆ ಬರುತ್ತದೆ ಎಂದುಕೊಳ್ಳಿ. ಅಲ್ಲಿ ಜಂಕ್ಷನ್ ಇದೆ, ಹುಬ್ಬಳ್ಳಿ ಕಡೆಯ ರೈಲುಗಳು ಸಿಗುತ್ತವೆ. ಇಪ್ಪತ್ತರ ಹರೆಯದ ಹುಡುಗನಿಗೆ ರೈಲು ಹಿಡಿಯಬೇಕು, ಹೊತ್ತಿಲ್ಲ. ಗಂಗಮ್ಮನಿಗೆ, ಅವಳ ಹೆಸರು ಹಾಗಿರಲಿ, ತನ್ನ ಐವತ್ತು ರೂಪಾಯಿ ಬೇಕು. ಇಷ್ಟಕ್ಕೇ ಒಂದು ಜಗಳವಾಗುತ್ತದೆ. ಜಗಳವೊಂದೇ ಸಾಲದು. ಗಂಗಮ್ಮನಿಗೆ ಐವತ್ತು ರೂಪಾಯಿ ಯಾಕಷ್ಟು ಮುಖ್ಯ? ಇಲ್ಲಿ ಹೊಸಬರು ಕೂಡಲೇ "ಬಡತನ" ಎಂದು ಉತ್ತರ ಕೊಡುತ್ತಾರೆ. ತಲೆಗೆ ಮೊದಲು ಬಂದ ಉತ್ತರವನ್ನು ಬದಿಗಿಡಿ, ಎರಡನೆಯದನ್ನೂ. ಮೊದಲು ಬಂದದ್ದು ಸಾಮಾನ್ಯವಾಗಿ ಎಲ್ಲರಿಗೂ ಬರುವಂಥದ್ದು.

ಗಂಗಮ್ಮ ಮಗಳ ಬಾಣಂತನ ಮುಗಿಸಿ ವಾಪಸು ಬರುತ್ತಿದ್ದಾಳೆ. ಬಾಣಂತನ ತವರಲ್ಲಿ ಆಗಬೇಕಿತ್ತು. ಆಗಲಿಲ್ಲ, ಇವಳೇ ಅಳಿಯನ ಮನೆಗೆ ಹೋಗಿ ಮಾಡಿ ಬಂದಿದ್ದಾಳೆ. ಅಲ್ಲಿ ಇದ್ದಷ್ಟು ದಿನ ತನ್ನ ಖರ್ಚಿಗೆ ಅಳಿಯನ ಕಡೆ ನೋಡಬೇಕಾಯಿತು. ಈಗ ಅವಳಿಗೆ ಬೇಕಾಗಿರುವುದು ಐವತ್ತು ರೂಪಾಯಿಯೇ ಅಲ್ಲ, ಯಾರ ಹಂಗಿನಲ್ಲೂ ಇಲ್ಲದೆ ಊರು ಮುಟ್ಟುವುದು. ಇದು ಸಿಕ್ಕಿದ ಮೇಲೆ ಕತೆ ತಿರುಗಿಬಿಡುತ್ತದೆ. ಹುಡುಗ ನೋಟು ತೆಗೆದುಕೊಂಡು ಓಡಿಹೋದರೆ ಅವಳಿಗೆ ಐವತ್ತು ರೂಪಾಯಿ ನಷ್ಟ, ಅಷ್ಟೆ. ಅದರ ಬದಲು ಅವಸರದಲ್ಲಿ "ಪೂರ್ತಿ ನೀವೇ ಇಟ್ಕೊಳ್ಳಿ" ಎಂದು ಕೊಟ್ಟು ಓಡಿದರೆ? ಅವನು ಕಳ್ಳನಲ್ಲ, ಒಳ್ಳೆಯವನೇ. ಅವನ ಒಳ್ಳೆಯತನವೇ ಅವಳಿಗೆ ಚುಚ್ಚುತ್ತದೆ. ಕೆಟ್ಟವರಿಲ್ಲದ ಕತೆ ಬರೆಯುವುದು ಕಷ್ಟ, ಆದರೆ ಬಲ ಹೆಚ್ಚು.

ಇಷ್ಟೆಲ್ಲ ಮೊದಲೇ ಹೊಳೆಯಬೇಕೆಂದು ಕಾಯಬೇಡಿ. ಬಹಳ ಸಲ ಮೊದಲ ಕರಡಿನಲ್ಲಿ ಹುಡುಗ ನೋಟು ಕಿತ್ತುಕೊಂಡೇ ಓಡುತ್ತಾನೆ. ತಿದ್ದಲು ಕೂತಾಗ ಅವನು ವಾಪಸು ಬರುತ್ತಾನೆ.

ಕಾಲ ಮತ್ತು ಲೆಕ್ಕ

ಈ ಕತೆ ಯಾವ ವರ್ಷ ನಡೆಯುತ್ತದೆ? ಬಹಳ ಹೊಸಬರು ಈ ಪ್ರಶ್ನೆಯನ್ನೇ ಕೇಳಿಕೊಳ್ಳುವುದಿಲ್ಲ, ಅಲ್ಲೇ ಕತೆ ಕುಸಿಯುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಅಂದಿನಿಂದ ಕರ್ನಾಟಕದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಅಂದರೆ ಈಗಿನ ಕಾಲಕ್ಕೆ ಬರೆದರೆ ಗಂಗಮ್ಮನಿಗೆ ಚಿಲ್ಲರೆ ಬಾಕಿ ಬರುವ ಪ್ರಶ್ನೆಯೇ ಇಲ್ಲ, ಖಾಸಗಿ ಬಸ್ಸು ಹತ್ತಿಸಬೇಕಾಗುತ್ತದೆ. ಹತ್ತಿಸಿದರೂ ಹುಡುಗ "ನಂಬರ್ ಹೇಳಿ ಅಮ್ಮಾ, ಫೋನ್‌ಪೇ ಮಾಡ್ತೀನಿ" ಅಂದರೆ ಕತೆ ಅಲ್ಲಿಗೇ ಮುಗಿಯಿತು.

ಹಾಗಾಗಿ ಕತೆಯನ್ನು ಹಿಂದಕ್ಕೆ ತಳ್ಳಬೇಕು. ಎಲ್ಲಿಗೆ? 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ಹಳೆಯ ನೋಟು ರದ್ದಾದವು. ಅದರ ಮುಂದಿನ ಒಂದೆರಡು ವಾರ ನೂರರ ನೋಟಿಗೆ ಇದ್ದ ಬೆಲೆ ನೆನಪಿರುವವರಿಗೆ ಹೇಳಬೇಕಾಗಿಲ್ಲ. ಕತೆಯನ್ನು ಆ ವಾರದಲ್ಲಿ ಇಟ್ಟರೆ ಒಂದು ನೂರರ ನೋಟಿಗಾಗಿ ಇಬ್ಬರು ನಿಲ್ಲುವುದಕ್ಕೆ ಬೇರೆ ವಿವರಣೆ ಬೇಡ, "ಪೂರ್ತಿ ಇಟ್ಕೊಳ್ಳಿ" ಎಂಬ ಮಾತಿನ ತೂಕವೂ ಏರುತ್ತದೆ. ಆದರೆ ನೋಟು ರದ್ದತಿಯ ಬಗ್ಗೆ ಪಾತ್ರಗಳ ಬಾಯಲ್ಲಿ ಚರ್ಚೆ ಇಡಬೇಡಿ. ಬಸ್‌ಸ್ಟ್ಯಾಂಡಿನ ಎದುರು ಬ್ಯಾಂಕಿನ ಸಾಲೊಂದು ಕಂಡರೆ ಸಾಕು.

ಲೆಕ್ಕವೂ ಹೀಗೇ. ಇಬ್ಬರೂ ಒಂದೇ ಕಡೆ ಹತ್ತಿ ಒಂದೇ ಕಡೆ ಇಳಿದು, ಇಬ್ಬರೂ ನೂರು ಕೊಟ್ಟಿದ್ದರೆ ಇಬ್ಬರ ಬಾಕಿಯೂ ಸಮವಾಗಿರಬೇಕು. ಒಬ್ಬರಿಗೆ ಅರವತ್ತು, ಒಬ್ಬರಿಗೆ ನಲವತ್ತು ಎಂದು ಬರೆದರೆ ದಿನಾ ಬಸ್ಸಿನಲ್ಲಿ ಓಡಾಡುವ ಓದುಗರು ಅಲ್ಲೇ ಎದ್ದುಹೋಗುತ್ತಾರೆ. ಆ ವರ್ಷದ ಟಿಕೆಟ್ ದರ ಖಚಿತವಿಲ್ಲದಿದ್ದರೆ ಎಲ್ಲಿ ಹತ್ತಿದರು ಎಂಬುದನ್ನು ಹೇಳದೆ ಬಿಡಿ. ಕತೆಗಾರರಿಗೆ ಗೊತ್ತಿಲ್ಲದ್ದನ್ನು ಬಿಡುವ ಸ್ವಾತಂತ್ರ್ಯವಿದೆ, ತಪ್ಪು ಹೇಳುವ ಸ್ವಾತಂತ್ರ್ಯವಿಲ್ಲ.

ಹೇಳುವವರು ಎಲ್ಲಿ ನಿಂತಿದ್ದಾರೆ

ಕತೆಯನ್ನು ಗಂಗಮ್ಮನ ಪಕ್ಕ ನಿಂತು ಹೇಳುತ್ತೀರೋ, ಹುಡುಗನ ಪಕ್ಕವೋ, ಟೀ ಅಂಗಡಿಯವನು ಹೇಳುತ್ತಾನೋ? ಒಂದನ್ನು ಆರಿಸಿದರೆ ಕೊನೆಯವರೆಗೂ ಅಲ್ಲೇ ಇರಿ. ಸಣ್ಣಕತೆಯ ಎಂಟು ಪುಟದಲ್ಲಿ ಒಂದು ಪ್ಯಾರಾ ಇವಳ ಮನಸ್ಸು, ಇನ್ನೊಂದು ಪ್ಯಾರಾ ಅವನ ಮನಸ್ಸು ಎಂದು ಹಾರಿದರೆ ಓದುವವರು ಯಾರ ಜೊತೆಗೂ ಉಳಿಯುವುದಿಲ್ಲ. ನಮ್ಮ ಕತೆಗೆ ಗಂಗಮ್ಮನ ಪಕ್ಕವೇ ಸರಿ, ಏಕೆಂದರೆ ಹುಡುಗನಿಗೆ ಏನು ನಡೆಯಿತೆಂಬುದೇ ಗೊತ್ತಾಗುವುದಿಲ್ಲ. ಅವನ ಪಾಲಿಗೆ ಅದು ಮರೆತುಹೋದ ಐವತ್ತು ರೂಪಾಯಿ.

ಕನ್ನಡದಲ್ಲಿ ಇದರ ಜೊತೆಗೆ ಇನ್ನೊಂದು ನಿರ್ಧಾರವಿದೆ: ಗಂಗಮ್ಮ 'ಬಂದಳೋ' 'ಬಂದರೋ'? 'ಬಂದರು' ಎಂದರೆ ನಿರೂಪಕ ಅವಳಿಗಿಂತ ಚಿಕ್ಕವನು, ಕೈಕಟ್ಟಿ ದೂರ ನಿಂತಿದ್ದಾನೆ. 'ಬಂದಳು' ಎಂದರೆ ಅವಳ ಒಳಗೇ ಇದ್ದಾನೆ. ಎರಡೂ ಸರಿಯೇ, ಆದರೆ ಕತೆಯ ನಡುವೆ ಒಂದರಿಂದ ಇನ್ನೊಂದಕ್ಕೆ ಜಾರಬಾರದು. ಹೊಸಬರ ಹಸ್ತಪ್ರತಿಗಳಲ್ಲಿ ಪುಟಕ್ಕೊಂದು ಸಲವಾದರೂ ಈ ಜಾರಿಕೆ ಸಿಗುತ್ತದೆ. ಭೂತಕಾಲ, ವರ್ತಮಾನಕಾಲದ್ದೂ ಅದೇ ಪಾಡು.

ಮಾತು

ಕನ್ನಡ ಕತೆ ಏಳುವುದೂ ಬೀಳುವುದೂ ಸಂಭಾಷಣೆಯಲ್ಲಿ. "ನನ್ನ ಹಣವನ್ನು ನನಗೆ ಹಿಂದಿರುಗಿಸು" ಎಂದು ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇದುವರೆಗೂ ಯಾರೂ ಹೇಳಿರಲಾರರು. ಪಾತ್ರ ಯಾವ ಸೀಮೆಯದ್ದೋ ಆ ಸೀಮೆಯ ಮಾತಾಡಲಿ. ನಿಮಗೆ ಆ ಸೀಮೆಯ ಮಾತು ಬಾರದಿದ್ದರೆ ಪಾತ್ರವನ್ನು ನಿಮ್ಮ ಸೀಮೆಗೆ ಕರೆತನ್ನಿ. ಸಿನಿಮಾ ನೋಡಿ ಕಲಿತ ಧಾರವಾಡದ ಮಾತು ಧಾರವಾಡದವರ ಕಿವಿಗೆ ಒಂದೇ ಸಾಲಿನಲ್ಲಿ ಸಿಕ್ಕಿಬೀಳುತ್ತದೆ.

ಎಷ್ಟು ದೂರ ಹೋಗಬೇಕು? ನನ್ನ ಅಭಿಪ್ರಾಯ: ಶಬ್ದ ಮತ್ತು ವಾಕ್ಯದ ಲಯ ಪೂರ್ತಿ ಆ ಸೀಮೆಯದ್ದಿರಲಿ, ಉಚ್ಚಾರಣೆಯ ಪ್ರತಿಯೊಂದು ಬಾಗುವಿಕೆಯನ್ನೂ ಅಕ್ಷರಕ್ಕಿಳಿಸಲು ಹೋಗಬೇಡಿ. ಓದುಗರು ಪ್ರತಿ ಸಾಲನ್ನೂ ಬಾಯಿಬಿಟ್ಟು ಓದಿ ಅರ್ಥಮಾಡಿಕೊಳ್ಳುವಂತಾದರೆ ಕತೆ ನಿಲ್ಲುತ್ತದೆ. ಒಂದು ಕಡೆ 'ಹೋಗ್ತೀನಿ', ಇನ್ನೊಂದು ಕಡೆ 'ಹೋಯ್ತೀನಿ' ಎಂದು ಒಬ್ಬಳೇ ಹೇಳಬಾರದು. ಪ್ರತಿ ಪಾತ್ರದ ನಾಲ್ಕಾರು ಪದಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಈ ಗೊಂದಲ ತಪ್ಪುತ್ತದೆ. ಕರೆಯುವ ರೀತಿಯನ್ನೂ ಗಮನಿಸಿ. ಗುರುತಿಲ್ಲದ ಹುಡುಗನನ್ನು ಗಂಗಮ್ಮ 'ಅಪ್ಪಾ' ಎನ್ನುತ್ತಾಳೆ, ಅವನು 'ಅಮ್ಮಾ' ಎನ್ನುತ್ತಾನೆ. ಅವನು 'ಆಂಟಿ' ಅಂದರೆ ಬೇರೆ ಹುಡುಗನಾಗುತ್ತಾನೆ, 'ಅಜ್ಜಿ' ಅಂದರೆ ಬೇರೆ ಕತೆಯೇ ಶುರುವಾಗುತ್ತದೆ.

ಮೊದಲ ಕರಡು: ಕೆಟ್ಟದಾಗಿಯೇ ಮುಗಿಸಿ

ಇದರ ಬಗ್ಗೆ ಹೇಳುವುದು ಕಡಿಮೆ. ದಿನಕ್ಕೆ ಅರ್ಧ ಗಂಟೆ, ಒಂದೇ ಹೊತ್ತಿಗೆ, ಫೋನು ಬೇರೆ ಕೋಣೆಯಲ್ಲಿ. ಹಿಂದಿನ ದಿನ ಬರೆದದ್ದನ್ನು ತಿದ್ದಬೇಡಿ, ಕೊನೆಯ ನಾಲ್ಕು ಸಾಲು ಓದಿ ಮುಂದಕ್ಕೆ ಹೋಗಿ. ಎಲ್ಲಿ ಸಿಕ್ಕಿಕೊಂಡರೂ ಆವರಣದಲ್ಲಿ "ಇಲ್ಲಿ ಟೀ ಅಂಗಡಿ ಜಗಳ" ಎಂದು ಬರೆದು ದಾಟಿಕೊಳ್ಳಿ. ಪತ್ರಿಕೆಗಳಿಗೆ ಬರೆಯುವುದಾದರೆ ಎರಡರಿಂದ ಮೂರು ಸಾವಿರ ಪದ ಸಾಮಾನ್ಯವಾಗಿ ಹಿಡಿಸುತ್ತದೆ. ಮೊದಲ ಕರಡು ಅದಕ್ಕಿಂತ ಸ್ವಲ್ಪ ಉದ್ದವಿರಲಿ, ಕತ್ತರಿಸಲು ಜಾಗ ಬೇಕಲ್ಲ.

ಹೊತ್ತೇ ಇಲ್ಲ ಎನ್ನುವವರಿಗೆ ಒಂದು ಮಾತು. ಕನ್ನಡದ ಕತೆಗಾರರಲ್ಲಿ ಬರವಣಿಗೆಯಿಂದಲೇ ಬದುಕಿದವರು ಬೆರಳೆಣಿಕೆಯಷ್ಟು. ಮಾಸ್ತಿ ಮೈಸೂರು ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದರು. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ರಾಸಾಯನಿಕ ಉದ್ಯಮದಲ್ಲಿ ದುಡಿಯುತ್ತಲೇ ಉತ್ತರ ಕನ್ನಡದ ತಮ್ಮ ಹುಟ್ಟೂರು ಹನೇಹಳ್ಳಿಯನ್ನು ಮತ್ತೆ ಮತ್ತೆ ಬರೆದರು. ಜಯಂತ ಕಾಯ್ಕಿಣಿ ಅದೇ ಮುಂಬಯಿಯಲ್ಲಿ ಜೀವರಸಾಯನ ತಜ್ಞರಾಗಿದ್ದರು. ಬಾನು ಮುಷ್ತಾಕ್ ಹಾಸನದಲ್ಲಿ ವಕೀಲರು. ಕೆಲಸಕ್ಕೆ ಹೋಗುವುದು ಬರವಣಿಗೆಗೆ ಅಡ್ಡಿ ಎಂದು ನಾವು ಅಂದುಕೊಳ್ಳುತ್ತೇವೆ, ಆದರೆ ಕತೆಗೆ ಬೇಕಾದ ಜನ ಸಿಗುವುದು ಅಲ್ಲೇ. ದುಬೈ, ನ್ಯೂಜೆರ್ಸಿಗಳಲ್ಲಿ ಕೂತು "ಊರು ಬಿಟ್ಟ ಮೇಲೆ ಏನು ಬರೆಯಲಿ" ಎನ್ನುವವರಿಗೆ ಚಿತ್ತಾಲರ ಉದಾಹರಣೆ ಇನ್ನೂ ಒಂದು ಕೈ ಹೆಚ್ಚು ಹತ್ತಿರದ್ದು.

ತಿದ್ದುವುದು, ಅಂದರೆ ಬರೆಯುವುದು

ಕರಡನ್ನು ಎರಡು ವಾರ ಮುಟ್ಟದೆ ಇಡಿ. ಆಮೇಲೆ ಗಟ್ಟಿಯಾಗಿ ಓದಿ. ನಾಲಿಗೆ ಎಡವಿದ ಕಡೆ ವಾಕ್ಯ ಎಡವಿದೆ ಎಂದೇ ಅರ್ಥ. ನಮ್ಮ ಮಾದರಿ ಕತೆಯ ಒಂದು ತುಣುಕನ್ನು ಹತ್ತಿರದಿಂದ ನೋಡೋಣ. ಮೊದಲ ಕರಡು ಹೀಗಿದೆ ಎಂದುಕೊಳ್ಳಿ:

"ಸಂಜೆಯ ಸೂರ್ಯ ಪಶ್ಚಿಮ ದಿಗಂತದಲ್ಲಿ ಮುಳುಗುತ್ತಿದ್ದನು. ಬಡತನದ ಬೇಗೆಯಲ್ಲಿ ಬೆಂದ ಗಂಗಮ್ಮನ ಮನದಲ್ಲಿ ನೂರಾರು ಆಲೋಚನೆಗಳ ಅಲೆಗಳು ಏಳುತ್ತಿದ್ದವು. ಬಸ್ಸಿನಿಂದ ಇಳಿದ ಆಕೆ ಆ ಯುವಕನತ್ತ ಕೋಪದಿಂದ ನೋಡುತ್ತಾ, 'ನನ್ನ ಹಣವನ್ನು ಕೊಟ್ಟು ಹೋಗು' ಎಂದು ಗದರಿದರು. 'ಪೂರ್ತಿ ನೀವೇ ಇಟ್ಟುಕೊಳ್ಳಿ' ಎಂದು ಆತ ಹೊರಟುಹೋದನು. ಅಳಿಯನ ಚುಚ್ಚುಮಾತುಗಳು ನೆನಪಾಗಿ ಆಕೆಗೆ ದುಃಖ ಉಮ್ಮಳಿಸಿ ಬಂತು."

ತಿದ್ದಿದ ಮೇಲೆ:

"ಗಂಗಮ್ಮ ಇಳಿಯುವಷ್ಟರಲ್ಲಿ ಹುಡುಗ ಆಗಲೇ ಗೇಟು ದಾಟಿದ್ದ.
'ಏ ಅಪ್ಪಾ, ನಿಂತ್ಕೊ ಒಂಚೂರು.'
'ಟ್ರೈನು ಹೋಗುತ್ತಮ್ಮಾ.'
'ಹೋದ್ರೆ ಇನ್ನೊಂದ್ ಬರುತ್ತೆ. ನನ್ ಐವತ್ತು ಇನ್ನೊಂದ್ ಬರುತ್ತಾ?'
ಅವನು ಎರಡು ಹೆಜ್ಜೆ ವಾಪಸು ಬಂದು ನೋಟನ್ನು ಅವಳ ಬ್ಯಾಗಿನ ಮೇಲಿಟ್ಟ. 'ಪೂರ್ತಿ ನೀವೇ ಇಟ್ಕೊಳ್ಳಿ.' ಹೋಗೇಬಿಟ್ಟ.
ಬೆಳಿಗ್ಗೆ ಅಳಿಯನೂ ಹಾಗೇ, ಬಸ್ ಚಾರ್ಜಿನ ದುಡ್ಡನ್ನು ಟೀವಿ ಮೇಲಿಟ್ಟು ಆಫೀಸಿಗೆ ಹೋಗಿದ್ದ. ಕೈಗೆ ಕೊಟ್ಟಿರಲಿಲ್ಲ."

ಏನೇನು ಆಯಿತು ನೋಡಿ. ಸೂರ್ಯ ಹೋದ, ಅವನಿಂದ ಕತೆಗೆ ಏನೂ ಆಗುತ್ತಿರಲಿಲ್ಲ. 'ಬಡತನದ ಬೇಗೆ', 'ಅಲೆಗಳು' ಹೋದವು. ಯಾರೋ ಹಿಂದೆಯೇ ಬಳಸಿ ಸವೆಸಿದ ಮಾತುಗಳವು. 'ಕೋಪದಿಂದ', 'ಗದರಿದರು' ಹೋದವು, ಏಕೆಂದರೆ ಅವಳ ಮಾತಿನಲ್ಲೇ ಕೋಪವಿದೆ, ಸ್ವಲ್ಪ ತಮಾಷೆಯೂ ಇದೆ. 'ಆಕೆ ಗದರಿದರು' ಎಂಬ ಜಾರಿಕೆಯೂ ಅದರೊಟ್ಟಿಗೇ ಹೋಯಿತು. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಎರಡು ಸಾಲು. 'ಚುಚ್ಚುಮಾತು' ಎಂದರೆ ಓದುಗರು ನಿಮ್ಮ ಮಾತು ನಂಬಬೇಕು. ಟೀವಿ ಮೇಲಿಟ್ಟ ದುಡ್ಡು ಎಂದರೆ ನಂಬುವ ಪ್ರಶ್ನೆಯೇ ಇಲ್ಲ, ಅವರೇ ಕಂಡುಕೊಂಡರು. ಅಳಿಯ ಒಂದು ಕೆಟ್ಟ ಮಾತನ್ನೂ ಆಡಿಲ್ಲ. ದುಃಖ ಎಂಬ ಪದ ಎಲ್ಲೂ ಇಲ್ಲ.

ತಿದ್ದುವಾಗ ಒಂದೊಂದು ಸುತ್ತಿಗೆ ಒಂದೊಂದೇ ಕೆಲಸ ಇಟ್ಟುಕೊಳ್ಳಿ. ಮೊದಲ ಸುತ್ತಿನಲ್ಲಿ ಮೊದಲ ಪುಟ ಪೂರ್ತಿ ಹೊಡೆದುಹಾಕಿ ಕತೆ ನಿಲ್ಲುತ್ತದೆಯೇ ನೋಡಿ. ನಿಂತರೆ ಆ ಪುಟ ನಿಮಗೆ ಬೇಕಿತ್ತು, ಓದುಗರಿಗಲ್ಲ. ಎರಡನೆಯದರಲ್ಲಿ ಭಾವನೆಯ ಹೆಸರುಗಳನ್ನು, ಅಂದರೆ ದುಃಖ, ಸಂತೋಷ, ಅಸಹಾಯಕತೆ ಇಂಥವನ್ನು ಗುರುತು ಹಾಕಿ, ಅರ್ಧಕ್ಕಾದರೂ ಒಂದು ವಸ್ತು ಅಥವಾ ಒಂದು ಕ್ರಿಯೆ ಕೊಡಿ. ಮೂರನೆಯದು ಕೊನೆಯ ಪುಟಕ್ಕೆ.

ಕೊನೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮ ಹೊಸ ಕತೆಗಳ ದೊಡ್ಡ ರೋಗ ಕೊನೆಯ ಪ್ಯಾರಾ. ಸಾವು, ಆಸ್ಪತ್ರೆ, ಮಳೆ, ಇಲ್ಲವೇ ಕತೆಯ ಅರ್ಥ ಹೇಳುವ ಒಂದು ವಾಕ್ಯ. ಕತೆ ಅದರ ಹಿಂದಿನ ಪ್ಯಾರಾದಲ್ಲೇ ಮುಗಿದಿರುತ್ತದೆ, ಕತೆಗಾರರಿಗೆ ಮಾತ್ರ ಧೈರ್ಯವಿರುವುದಿಲ್ಲ. ಗಂಗಮ್ಮ ಏನು ಮಾಡುತ್ತಾಳೆ? ರೈಲಿನ ಹಿಂದೆ ಓಡಿ ಕಿಟಕಿಯಲ್ಲಿ ಐವತ್ತು ಕೊಟ್ಟರೆ ಅದು ಸಿನಿಮಾ. ನೋಟು ಹರಿದು ಬಿಸಾಕಿದರೆ ನಾಟಕ, ಆ ವಾರದಲ್ಲಂತೂ ಯಾರೂ ಹಾಗೆ ಮಾಡುವುದಿಲ್ಲ. ನನಗೆ ಹೊಳೆಯುವ ದಾರಿ ಇದು: ಹುಡುಗನ ಐವತ್ತನ್ನು ಬೇರೆಯಾಗಿಡಲು ಅವಳು ನೋಟು ಮುರಿಸಬೇಕು. ಟೀ ಅಂಗಡಿಯವನು ಏನಾದರೂ ತಗೊಂಡರೆ ಮಾತ್ರ ಚಿಲ್ಲರೆ ಎನ್ನುತ್ತಾನೆ. ಅಂಗಡಿ ಮುಂದೆ ಒಬ್ಬಳೇ ನಿಂತು ಟೀ ಕುಡಿದು ಅಭ್ಯಾಸವಿಲ್ಲದವಳು ಈಗ ಕುಡಿಯಬೇಕು. ಅವನ ಐವತ್ತು ಹಾಗೇ ಇರಬೇಕಾದರೆ ಟೀ ದುಡ್ಡು ಇವಳ ಪಾಲಿನಿಂದಲೇ ಹೋಗಬೇಕು. ಅವಳು ಸಕ್ಕರೆ ಜಾಸ್ತಿ ಹಾಕು ಎನ್ನುತ್ತಾಳೋ, ಬೇಡ ಎನ್ನುತ್ತಾಳೋ, ಅಲ್ಲಿಗೆ ನಿಲ್ಲಿಸಬಹುದು. ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆದರೆ ಅದನ್ನೇ ಬರೆಯಿರಿ.

ಯಾರಿಗೆ ಓದಲು ಕೊಡಬೇಕು

ಮನೆಯವರಿಗೆ ಬೇಡ. ಚೆನ್ನಾಗಿದೆ ಎನ್ನುತ್ತಾರೆ, ಇಲ್ಲದಿದ್ದರೆ "ಇದು ನಮ್ಮ ಚಿಕ್ಕಮ್ಮನ ವಿಷಯ ಅಲ್ವಾ" ಎಂದು ಬೇರೆ ರಾಮಾಯಣ. ಓದುವ ಅಭ್ಯಾಸವಿರುವ, ನಿಮಗೆ ಬೇಜಾರಾದೀತೆಂದು ಹೆದರದ ಇಬ್ಬರು ಸಾಕು. "ಹೇಗಿದೆ?" ಎಂದು ಕೇಳಿದರೆ ಉಪಯೋಗವಿಲ್ಲ. "ಎಲ್ಲಿ ಬೋರಾಯ್ತು? ಎಲ್ಲಿ ಅರ್ಥವಾಗಲಿಲ್ಲ?" ಎಂದು ಕೇಳಿ. ಇಬ್ಬರೂ ಒಂದೇ ಜಾಗ ತೋರಿಸಿದರೆ ಅಲ್ಲಿ ನಿಜವಾಗಿಯೂ ತೊಂದರೆಯಿದೆ. ಆದರೆ ಹೇಗೆ ಸರಿಮಾಡಬೇಕೆಂದು ಅವರು ಹೇಳುವ ಉಪಾಯವನ್ನು ಹೆಚ್ಚು ನೆಚ್ಚಬೇಡಿ.

ಕಳಿಸುವುದು

ಕಳಿಸುವ ಮೊದಲು ಆ ಪತ್ರಿಕೆಯ ಇತ್ತೀಚಿನ ನಾಲ್ಕು ಸಂಚಿಕೆಗಳ ಕತೆ ಓದಿ. ಸುಧಾ, ತರಂಗ, ಮಯೂರ ಒಂದೊಂದರ ರುಚಿಯೂ ಬೇರೆ. ಕಥಾಸ್ಪರ್ಧೆಗಳಲ್ಲಿ ಪ್ರಜಾವಾಣಿ ದೀಪಾವಳಿ ವಿಶೇಷಾಂಕದ್ದು ಹಳೆಯದು, ಹೆಸರಾದದ್ದು. ಹಬ್ಬಕ್ಕೆ ಕೆಲವು ತಿಂಗಳು ಮೊದಲೇ ಪ್ರಕಟಣೆ ಬರುತ್ತದೆ, ಆಗ ಕತೆ ಬರೆಯಲು ಕೂರುವುದಲ್ಲ, ತಿದ್ದಿಟ್ಟ ಕತೆ ಕೈಯಲ್ಲಿರಬೇಕು. ಸ್ಪರ್ಧೆಗಳ ನಿಯಮ ಹೆಚ್ಚುಕಡಿಮೆ ಒಂದೇ: ಕತೆ ಸ್ವತಂತ್ರವಾಗಿರಬೇಕು, ಎಲ್ಲೂ ಪ್ರಕಟವಾಗಿರಬಾರದು. ಫೇಸ್‌ಬುಕ್ಕಿನಲ್ಲೋ, ಕತೆ ಹಾಕುವ ಪ್ರತಿಲಿಪಿ ಆ್ಯಪಿನಲ್ಲೋ ಹಾಕಿದ್ದನ್ನೂ ಪ್ರಕಟವಾದದ್ದೆಂದೇ ಲೆಕ್ಕ ಹಿಡಿಯುವವರಿದ್ದಾರೆ. ಆದ್ದರಿಂದ ಲೈಕುಗಳ ಆಸೆಗೆ ನಿಮ್ಮ ಒಳ್ಳೆಯ ಕತೆಯನ್ನು ಮೊದಲೇ ಖರ್ಚು ಮಾಡಬೇಡಿ.

ಟೈಪಿಂಗ್ ಯೂನಿಕೋಡಿನಲ್ಲೇ, ಅಂದರೆ ಯಾವ ಕಂಪ್ಯೂಟರಿನಲ್ಲೂ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರದಲ್ಲಿ, ಇರಲಿ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಿಚಡಿ ಕಾಣುತ್ತದೆ. ಪರಿವರ್ತಿಸಿದರೆ ಅರ್ಕಾವತ್ತು, ಒತ್ತಕ್ಷರಗಳು ಕೆಲವೊಮ್ಮೆ ಕೆಡುತ್ತವೆ. ಆದ್ದರಿಂದ ಪರಿವರ್ತಿಸಿದ ಮೇಲೆ ಮತ್ತೊಮ್ಮೆ ಪೂರ್ತಿ ಓದಿ. ಪತ್ರಿಕೆಯವರೇ ನುಡಿ ಕೇಳಿದ್ದರೆ ನುಡಿಯಲ್ಲೇ ಕೊಡಿ. ಜೊತೆಗೊಂದು ಪಿಡಿಎಫ್ ಇದ್ದರೆ ಅನುಮಾನ ಬಂದಾಗ ಅವರಿಗೆ ನೋಡಲು ಅನುಕೂಲ. ಪತ್ರ ನಾಲ್ಕು ಸಾಲು ಮೀರಬಾರದು: ಕತೆಯ ಹೆಸರು, ಪದಸಂಖ್ಯೆ, ಸ್ವಂತದ್ದು ಮತ್ತು ಅಪ್ರಕಟಿತ ಎಂಬ ಮಾತು, ವಿಳಾಸ. ಕತೆಯ ಸಂದೇಶ ಏನೆಂದು ಪತ್ರದಲ್ಲಿ ವಿವರಿಸಿದರೆ ಸಂಪಾದಕರು ಕತೆ ಓದುವ ಮೊದಲೇ ಸುಸ್ತಾಗುತ್ತಾರೆ.

ಒಂದು ಕತೆಯನ್ನು ಒಮ್ಮೆಗೆ ಒಂದೇ ಕಡೆ ಕಳಿಸುವುದು ಕನ್ನಡದ ರೂಢಿ. ಉತ್ತರ ಬಾರದೇ ಇರಬಹುದು, ನಮ್ಮಲ್ಲಿ 'ಇಲ್ಲ' ಎಂಬುದಕ್ಕೆ ಮೌನವೇ ಉತ್ತರ. ಮೂರು ತಿಂಗಳು ಕಾದು, ಸೌಜನ್ಯದ ಒಂದು ಇಮೇಲ್ ಹಾಕಿ, ಅದಕ್ಕೂ ಸುದ್ದಿಯಿಲ್ಲದಿದ್ದರೆ ವಾಪಸು ತೆಗೆದುಕೊಂಡಿದ್ದೇನೆಂದು ತಿಳಿಸಿ ಬೇರೆ ಕಡೆ ಕಳಿಸಿ. ತಿರಸ್ಕಾರವಾದ ಕತೆ ಕೆಟ್ಟದೆಂದೇ ಅಲ್ಲ. ಅದೇ ತಿಂಗಳು ಬಸ್ಸಿನ ಕತೆಗಳೇ ಮೂರು ಬಂದಿರಬಹುದು. ಕಾಯುವ ಮೂರು ತಿಂಗಳಲ್ಲಿ ಎರಡನೇ ಕತೆ ಮುಗಿದಿದ್ದರೆ ಮೊದಲನೆಯದರ ಸುದ್ದಿ ಬರದಿದ್ದರೂ ಅಷ್ಟೊಂದು ನೋಯುವುದಿಲ್ಲ.

ಪುಸ್ತಕದ ಹೊತ್ತಿಗೆ

ಹತ್ತು ಹನ್ನೆರಡು ಕತೆಗಳಾದ ಮೇಲೆ ಸಂಕಲನದ ಯೋಚನೆ ಮಾಡಿ, ಐದಾದಾಗಲೇ ಬೇಡ. ಬರೆದದ್ದೆಲ್ಲವನ್ನೂ ಸೇರಿಸುವ ಆಸೆ ಬಿಡಿ. ಹೊಸಬರ ಮೊದಲ ಪುಸ್ತಕಕ್ಕೆ ಕೆಲವು ನಿಜವಾದ ದಾರಿಗಳಿವೆ. ಛಂದ ಪುಸ್ತಕ ಎಂಬ ಪ್ರಕಾಶನ ಸಂಸ್ಥೆ ಹೊಸ ಕತೆಗಾರರ ಹಸ್ತಪ್ರತಿಗೆ ಬಹುಮಾನ ಕೊಟ್ಟು ಅದನ್ನು ತಾನೇ ಪುಸ್ತಕವಾಗಿ ತರುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅರ್ಜಿ ಕರೆದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ, ವಯಸ್ಸಿನ ಮಿತಿಯನ್ನು ಅಲ್ಲೇ ನೋಡಿಕೊಳ್ಳಿ. ಮೂವತ್ತೈದರೊಳಗಿನವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ 2011ರಿಂದ ಇದೆ.

ದುಡ್ಡಿನ ವಿಷಯ ಮುಜುಗರವಿಲ್ಲದೆ ಮಾತಾಡಿ. "ಇಷ್ಟು ಸಾವಿರ ಕೊಟ್ಟರೆ ಪುಸ್ತಕ ಮಾಡಿಕೊಡ್ತೀವಿ, ಬಿಡುಗಡೆಗೆ ಗಣ್ಯರನ್ನೂ ಕರೆಸ್ತೀವಿ" ಎನ್ನುವವರ ಬಳಿ ನೀವು ಲೇಖಕರಲ್ಲ, ಗಿರಾಕಿ. ಸ್ವಂತ ಖರ್ಚಿನಲ್ಲಿ ತರುವುದು ತಪ್ಪಲ್ಲ, ಕನ್ನಡದಲ್ಲಿ ದೊಡ್ಡವರೂ ತಂದಿದ್ದಾರೆ. ಆದರೆ ಹಾಗಾದಾಗ ಮುದ್ರಣದ ದರ, ಪ್ರತಿಗಳ ಸಂಖ್ಯೆ, ಮಾರಾಟ ಯಾರದು ಎಂಬುದೆಲ್ಲ ನಿಮ್ಮ ಕೈಯಲ್ಲಿರಬೇಕು. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆಗೆಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಭಾರತದಲ್ಲಿ ಅದನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಅರ್ಜಿ ಆನ್‌ಲೈನಿನಲ್ಲೇ ಹಾಕಬಹುದು.

ಹಕ್ಕುಸ್ವಾಮ್ಯ ಕತೆ ಬರೆದ ಕ್ಷಣದಿಂದಲೇ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ನಮ್ಮ ಕಾನೂನಿನ ಪ್ರಕಾರ ಅದು ಲೇಖಕರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ ಉಳಿಯುತ್ತದೆ. ಹಾಗಾಗಿ ಪ್ರಕಾಶಕರ ಒಪ್ಪಂದದಲ್ಲಿ "ಎಲ್ಲ ಹಕ್ಕುಗಳೂ ಪ್ರಕಾಶಕರವು" ಎಂಬ ಸಾಲು ಕಂಡರೆ ಪೆನ್ನು ಕೆಳಗಿಟ್ಟು ಮಾತಾಡಿ. ಕನ್ನಡದಲ್ಲಿ ಮುದ್ರಿಸುವ ಹಕ್ಕು ಇಷ್ಟು ವರ್ಷಕ್ಕೆ ಅಥವಾ ಇಷ್ಟು ಪ್ರತಿಗೆ ಎಂದು ಬರೆಸಿ. ಅನುವಾದ, ಆಡಿಯೋ ಪುಸ್ತಕ, ಸಿನಿಮಾ, ವೆಬ್ ಸರಣಿಯ ಹಕ್ಕುಗಳನ್ನು ಬೇರೆ ಬೇರೆಯಾಗಿ ನಿಮ್ಮಲ್ಲೇ ಉಳಿಸಿಕೊಳ್ಳಿ. ರಾಯಧನ ಶೇಕಡಾ ಎಷ್ಟು, ಲೆಕ್ಕ ವರ್ಷಕ್ಕೆ ಎಷ್ಟು ಸಲ, ಗೌರವಪ್ರತಿ ಎಷ್ಟು ಎಂಬುದೂ ಅದೇ ಕಾಗದದಲ್ಲಿರಲಿ. ಗೌರವಪ್ರತಿಗಳು ಕೈಗೆ ಬಂದ ದಿನವೇ ನೆಂಟರಿಗೆಲ್ಲ ಹಂಚಿ ಮುಗಿಸಬೇಡಿ. ಬಹುಮಾನಗಳಿಗೆ ಕಳಿಸುವಾಗ ಒಂದೊಂದು ಕಡೆಗೂ ಮೂರು ನಾಲ್ಕು ಪ್ರತಿ ಕೇಳುತ್ತಾರೆ.